ಮಗಳ ಸ್ಟೇಟ್ ಟೆಸ್ಟ್ ವರದಿ ಓದಲು ನಾನು ಕಲಿತದ್ದು

2023ರ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಇಲ್ಲಿ ಅಮೆರಿಕದಲ್ಲಿ ಸ್ಕೂಲಿನ ಪೋರ್ಟಲ್‌ನಲ್ಲಿ ಮಗಳ ವರದಿ ಬಂತು. ಮೂರನೇ ಕ್ಲಾಸಿನ ಕೊನೆಯಲ್ಲಿ ಬರೆದ ಸ್ಟೇಟ್ ಟೆಸ್ಟಿನದು. ಇಂಗ್ಲಿಷ್ 2418, ಗಣಿತ 2478. ಎಷ್ಟಕ್ಕೆ ಎಷ್ಟು ಅಂತ ಹುಡುಕಿದೆ, ಎಲ್ಲೂ ಇಲ್ಲ. ಪಾಸು ಅಂತಲೂ ಇಲ್ಲ, ಫೇಲು ಅಂತಲೂ ಇಲ್ಲ. ಇಂಗ್ಲಿಷ್ ಪಕ್ಕದಲ್ಲಿ ‘ಸ್ಟ್ಯಾಂಡರ್ಡ್ ನಿಯರ್ಲಿ ಮೆಟ್’, ಗಣಿತದ ಪಕ್ಕದಲ್ಲಿ ‘ಸ್ಟ್ಯಾಂಡರ್ಡ್ ಮೆಟ್’. ತಿಪಟೂರಿನಿಂದ ಅಪ್ಪ ಫೋನ್ ಮಾಡಿ, "ಮಾರ್ಕ್ಸ್ ಬಂತೇನಮ್ಮಾ? ಎಷ್ಟು ತೆಗೆದಳು?" ಅಂತ ಕೇಳಿದರು. ಏನು ಹೇಳಬೇಕು ಅಂತ ನನಗೇ ಗೊತ್ತಾಗಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇದ್ದ ಕಾಲದಲ್ಲಿ. ಬೇರೆ ಸ್ಕೂಲಿಗೆ ಹೋಗಿ, ರಟ್ಟು ಇಟ್ಟುಕೊಂಡು, ನಂಬರ್ ಬರೆದ ಬೆಂಚಿನ ಮೇಲೆ ಕೂತು ಬರೆದದ್ದು. ಮಾರ್ಕ್ಸ್ ಕಾರ್ಡ್ ಬಂದ ದಿನ ಬೀದಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಆ ಕಣ್ಣಿನಿಂದಲೇ ನಾನು ಈ ವರದಿಯನ್ನೂ ನೋಡಿದೆ. ಮೊದಲ ಎರಡು ವರ್ಷ ತಪ್ಪಾಗಿ ಓದಿದೆ. ಮೂರನೇ ವರ್ಷ ಸರಿಯಾಗಿ ಓದಿದಾಗ, ನಾವು ಮನೆಯಲ್ಲಿ ಯಾವುದಕ್ಕೆ ಚಿಂತೆ ಮಾಡಬೇಕಿತ್ತೋ ಅದನ್ನು ಬಿಟ್ಟು ಬೇರೆಯದಕ್ಕೆ ಚಿಂತೆ ಮಾಡುತ್ತಿದ್ದೆವು ಅಂತ ಗೊತ್ತಾಯಿತು. ಇಲ್ಲಿಗೆ ಹೊಸದಾಗಿ ಬರುವ ನಮ್ಮವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದದ್ದು 2021ರ ಜುಲೈನಲ್ಲಿ. ಮಗಳು ಎರಡನೇ ಕ್ಲಾಸಿಗೆ ಸೇರಬೇಕಿತ್ತು. ಸೇರಿಸುವಾಗಲೇ ಒಂದು ಫಾರ್ಮ್ ಕೊಡುತ್ತಾರೆ, ಹೋಮ್ ಲ್ಯಾಂಗ್ವೇಜ್ ಸರ್ವೆ. ಮಗು ಮೊದಲು ಮಾತು ಕಲಿತದ್ದು ಯಾವ ಭಾಷೆಯಲ್ಲಿ? ಮನೆಯಲ್ಲಿ ಹೆಚ್ಚಾಗಿ ಯಾವ ಭಾಷೆ ಮಾತಾಡುತ್ತದೆ? ನೀವು ಮಗುವಿನ ಜೊತೆ ಯಾವ ಭಾಷೆ ಮಾತಾಡುತ್ತೀರಿ? ಮನೆಯ ದೊಡ್ಡವರು ತಮ್ಮಲ್ಲಿ ಯಾವ ಭಾಷೆ ಆಡುತ್ತಾರೆ? ನಾಲ್ಕಕ್ಕೂ ನಮ್ಮ ಉತ್ತರ ಕನ್ನಡ. ಪರಿಚಯದ ಅಕ್ಕ ಒಬ್ಬರು ಮೊದಲೇ ಹೇಳಿದ್ದರು: "ಎಲ್ಲದಕ್ಕೂ ಇಂಗ್ಲಿಷ್ ಅಂತ ಬರೆದುಬಿಡಿ. ಇಲ್ಲಾಂದ್ರೆ ವರ್ಷ ವರ್ಷ ಮಗುವನ್ನು ಟೆಸ್ಟಿಗೆ ಕೂರಿಸ್ತಾರೆ."

ಪೆನ್ನು ಹಿಡಿದು ಐದು ನಿಮಿಷ ಕೂತಿದ್ದೆ. ಆಮೇಲೆ ಕನ್ನಡ ಅಂತಲೇ ಬರೆದೆ. ಮಗಳ ಮುಂದೆಯೇ ಅವಳ ಭಾಷೆಯನ್ನು ಮುಚ್ಚಿಡಲು ಮನಸ್ಸು ಬರಲಿಲ್ಲ.

ಅಕ್ಕ ಹೇಳಿದ್ದು ನಿಜವೇ. ಇಂಗ್ಲಿಷ್ ಅಲ್ಲದ ಭಾಷೆ ಬರೆದರೆ 30 ದಿನದೊಳಗೆ ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ನೋಡಲು ಎಲ್ಪ್ಯಾಕ್ ಅನ್ನುವ ಪರೀಕ್ಷೆ ಮಾಡುತ್ತಾರೆ. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು, ನಾಲ್ಕೂ ಇರುತ್ತದೆ. ಮಗಳು ಬೆಂಗಳೂರಿನಲ್ಲಿ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ್ದಳು. ಓದಲು ಬರೆಯಲು ಬರುತ್ತಿತ್ತು. ಆದರೆ ಗುರುತಿಲ್ಲದ ಟೀಚರ್ ಎದುರು ಕೂತು ಚಿತ್ರ ನೋಡಿ ಮಾತಾಡು ಅಂದರೆ ಬಾಯಿ ಬಿಡಲಿಲ್ಲ. ಇಂಗ್ಲಿಷ್ ಲರ್ನರ್ ಅಂತ ಬರೆದರು. ಅವತ್ತು ನನಗೆ ಅವಮಾನವಾದ ಹಾಗೆ ಆಯಿತು. ಈಗ ಹಾಗೆ ಅನ್ನಿಸುವುದಿಲ್ಲ. ಯಾಕೆಂದರೆ ಅದರಿಂದಲೇ ಅವಳಿಗೆ ದಿನಾ ಅರ್ಧ ಗಂಟೆ, ಆರೇಳು ಮಕ್ಕಳ ಚಿಕ್ಕ ಗುಂಪಿನಲ್ಲಿ ಇಂಗ್ಲಿಷ್ ಪಾಠ ಸಿಕ್ಕಿತು. ಮೂವತ್ತು ಮಕ್ಕಳ ಮಧ್ಯೆ ಬಾಯಿ ಬಿಡದವಳು ಏಳು ಮಕ್ಕಳ ಮಧ್ಯೆ ಮಾತಾಡಿದಳು.

ಆ ಹೆಸರು ಹೋಗಬೇಕಾದರೆ ಪ್ರತಿ ವರ್ಷ ಫೆಬ್ರವರಿಯಿಂದ ಮೇ ಒಳಗೆ ನಡೆಯುವ ಎಲ್ಪ್ಯಾಕ್‌ನಲ್ಲಿ ಒಟ್ಟಾರೆ 4ನೇ ಹಂತ ಬರಬೇಕು. ಜೊತೆಗೆ ಟೀಚರ್ ಅಭಿಪ್ರಾಯ ಬೇಕು, ಇಂಗ್ಲಿಷ್ ಓದು ಬರಹದ ಇನ್ನೊಂದು ಅಳತೆ ಬೇಕು, ನಮ್ಮ ಅಭಿಪ್ರಾಯವನ್ನೂ ಕೇಳುತ್ತಾರೆ. 2022ರಲ್ಲಿ ಅವಳಿಗೆ 3ನೇ ಹಂತ ಬಂತು, 2023ರಲ್ಲಿ 4. ಆ ವರ್ಷವೇ ಇಂಗ್ಲಿಷ್ ಲರ್ನರ್ ಪಟ್ಟಿಯಿಂದ ಹೊರಗೆ ಬಂದಳು. ಹೊರಗೆ ಬಂದ ಮೇಲೂ ನಾಲ್ಕು ವರ್ಷ ಸ್ಕೂಲಿನವರು ಮಗುವಿನ ಓದಿನ ಮೇಲೆ ಕಣ್ಣಿಟ್ಟಿರಬೇಕು ಅಂತ ನಿಯಮ ಇದೆ. ಮಗ ಕಿಂಡರ್‌ಗಾರ್ಟನ್‌ಗೆ ಸೇರುವಾಗಲೂ ಅದೇ ಫಾರ್ಮ್ ಬಂತು. ಆಗ ಯೋಚನೆ ಮಾಡಲೇ ಇಲ್ಲ, ಕನ್ನಡ ಅಂತ ಬರೆದೆ.

ಈಗ ದೊಡ್ಡ ಪರೀಕ್ಷೆಗೆ ಬರುತ್ತೇನೆ. ಅಮೆರಿಕದಲ್ಲಿ ಮೂರರಿಂದ ಎಂಟನೇ ಕ್ಲಾಸಿನವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದಲ್ಲಿ ರಾಜ್ಯದ ಪರೀಕ್ಷೆ ಇರಲೇಬೇಕು. 2002ರಲ್ಲಿ ಬಂದ ಕೇಂದ್ರದ ಕಾನೂನು ಇದನ್ನು ಶುರು ಮಾಡಿತು, 2015ರಲ್ಲಿ ಆ ಕಾನೂನು ಬದಲಾದರೂ ಪರೀಕ್ಷೆ ಉಳಿಯಿತು. ಆದರೆ ಯಾವ ಪರೀಕ್ಷೆ ಅನ್ನುವುದು ರಾಜ್ಯಕ್ಕೆ ಬಿಟ್ಟದ್ದು. ಕ್ಯಾಲಿಫೋರ್ನಿಯಾದ ಏರ್ಪಾಡಿಗೆ ಎಲ್ಲರೂ ‘ಕ್ಯಾಸ್ಪ್’ ಅನ್ನುತ್ತಾರೆ. ಅದರಲ್ಲಿ ಇಂಗ್ಲಿಷ್ ಮತ್ತು ಗಣಿತಕ್ಕೆ ಸ್ಮಾರ್ಟರ್ ಬ್ಯಾಲೆನ್ಸ್ಡ್ ಪರೀಕ್ಷೆ, 2015ರಿಂದ ನಡೆಯುತ್ತಿದೆ. ಐದು ಮತ್ತು ಎಂಟನೇ ಕ್ಲಾಸಿಗೆ ವಿಜ್ಞಾನವೂ ಸೇರುತ್ತದೆ. ಎಲ್ಲವೂ ಕಂಪ್ಯೂಟರ್‌ನಲ್ಲೇ. ಈ ಅಂಕ ರಿಪೋರ್ಟ್ ಕಾರ್ಡಿಗೆ ಸೇರುವುದಿಲ್ಲ. ಕಡಿಮೆ ಬಂತು ಅಂತ ಮಗುವನ್ನು ಅದೇ ಕ್ಲಾಸಿನಲ್ಲಿ ಕೂರಿಸುವುದೂ ಇಲ್ಲ.

ಮೊದಲ ವರ್ಷ, ಪರೀಕ್ಷೆಯ ಎರಡನೇ ದಿನ, ಮಗಳು ಕಾರಿಗೆ ಹತ್ತಿದವಳೇ ಅತ್ತಳು. "ಅಮ್ಮಾ, ಮೊದಲು ಈಸಿ ಇತ್ತು. ಹೋಗ್ತಾ ಹೋಗ್ತಾ ಕಷ್ಟ ಆಯ್ತು. ಲಾಸ್ಟ್‌ನಲ್ಲಿ ನಮಗೆ ಹೇಳಿಕೊಟ್ಟೇ ಇಲ್ಲದ್ದೆಲ್ಲಾ ಬಂತು." ನಾನು ಗಾಬರಿಯಾಗಿ ರಾತ್ರಿಯೆಲ್ಲಾ ನಿದ್ದೆ ಮಾಡಲಿಲ್ಲ. ಆಮೇಲೆ ಟೀಚರ್ ಹೇಳಿದ್ದು: ಈ ಪರೀಕ್ಷೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆ ಪತ್ರಿಕೆ ಇರುವುದಿಲ್ಲ. ಸರಿಯಾಗಿ ಉತ್ತರಿಸಿದರೆ ಕಂಪ್ಯೂಟರ್ ಮುಂದಿನದನ್ನು ಸ್ವಲ್ಪ ಕಷ್ಟ ಮಾಡುತ್ತದೆ, ತಪ್ಪಾದರೆ ಸ್ವಲ್ಪ ಸುಲಭ ಮಾಡುತ್ತದೆ. ಮಗುವಿನ ಮಟ್ಟ ಎಲ್ಲಿದೆ ಅಂತ ಹುಡುಕಿಕೊಂಡು ಹೋಗುತ್ತದೆ. ಅಂದರೆ ಕಷ್ಟದ ಪ್ರಶ್ನೆ ಬಂತು ಅಂದರೆ ಹಿಂದಿನವನ್ನು ಚೆನ್ನಾಗಿ ಮಾಡಿದೆ ಅಂತ ಅರ್ಥ. ಎಂಟು ವರ್ಷದ ಮಗುವಿಗೆ ಇದನ್ನು ಮೊದಲೇ ಹೇಳಿದ್ದರೆ ಆ ಅಳು ಇರುತ್ತಿರಲಿಲ್ಲ. ಮುಂದಿನ ವರ್ಷದಿಂದ ಪರೀಕ್ಷೆಯ ಹಿಂದಿನ ದಿನ ತಪ್ಪದೇ ಹೇಳುತ್ತೇನೆ: "ಕಷ್ಟ ಅನ್ನಿಸಿದರೆ ಸರಿಯಾದ ದಾರಿಯಲ್ಲೇ ಇದ್ದೀಯ ಪುಟ್ಟಿ."

ಇನ್ನೂ ಒಂದು ಮಾತು ನಾನೇ ಅವಳಿಗೆ ಹೇಳಿದ್ದೆ, ಅದು ತಪ್ಪಾಗಿತ್ತು. "ಬೇಗ ಬೇಗ ಮಾಡು, ಟೈಮ್ ನೋಡ್ಕೋ" ಅಂದಿದ್ದೆ. ಈ ಪರೀಕ್ಷೆಗೆ ಸಮಯದ ಮಿತಿಯೇ ಇಲ್ಲ. ಮುಗಿಯದಿದ್ದರೆ ಟೀಚರ್ ಮುಂದುವರಿಸಲು ಅವಕಾಶ ಕೊಡುತ್ತಾರೆ. ಬೇಗ ಮುಗಿಸಿ ಎದ್ದವರು ಜಾಣರು ಅಂತ ನಮ್ಮ ಕಾಲದಲ್ಲಿ ಇತ್ತಲ್ಲ, ಅದನ್ನು ನಾನು ಮಗಳ ತಲೆಗೆ ಹಾಕಿಬಿಟ್ಟಿದ್ದೆ.

ತಯಾರಿ ಅಂತ ನಾವು ಮಾಡಿದ್ದು ಕಡಿಮೆ. ಕೋಚಿಂಗ್‌ಗೆ ಕಳಿಸಲಿಲ್ಲ. ಈಗಲೂ ಅದು ಬೇಕು ಅಂತ ನನಗೆ ಅನ್ನಿಸಿಲ್ಲ. ಆದರೆ ಎರಡು ಕೆಲಸ ನಿಜವಾಗಿ ಉಪಯೋಗಕ್ಕೆ ಬಂದವು. ಒಂದು, ರಾಜ್ಯದವರೇ ಇಟ್ಟಿರುವ ಪ್ರಾಕ್ಟೀಸ್ ಟೆಸ್ಟ್. ಪಾಸ್‌ವರ್ಡ್ ಬೇಡ, ದುಡ್ಡು ಬೇಡ, ಗೆಸ್ಟ್ ಅಂತ ಒಳಗೆ ಹೋಗಬಹುದು. ಅದೇ ಪರದೆ, ಅದೇ ಬಟನ್ನು. ಬೇಡದ ಉತ್ತರಕ್ಕೆ ಗೆರೆ ಹೊಡೆಯುವುದು, ಸಾಲಿಗೆ ಬಣ್ಣ ಹಚ್ಚುವುದು, ಆಡಿಯೋ ಮತ್ತೆ ಕೇಳುವುದು, ಉತ್ತರವನ್ನು ಎಳೆದು ಜಾಗಕ್ಕೆ ಬಿಡುವುದು, ಇದೆಲ್ಲಾ ಮೊದಲೇ ಕೈಗೆ ರೂಢಿಯಾಗುತ್ತದೆ. ಎರಡನೆಯದು ಟೈಪಿಂಗ್. ಮೂರನೇ ಕ್ಲಾಸಿನ ಮಗು ಕೆಲವು ಚಿಕ್ಕ ಲೇಖನ ಓದಿ, ಅದರ ಮೇಲೆ ತಾನೇ ಒಂದು ಬರಹ ಟೈಪ್ ಮಾಡಬೇಕು! ಮಗಳಿಗೆ ಹೇಳಲು ವಿಷಯ ಇತ್ತು, ಆದರೆ ಒಂದೊಂದು ಅಕ್ಷರ ಹುಡುಕಿ ಒತ್ತುವುದರಲ್ಲಿ ಸುಸ್ತಾಗಿ ಮೂರು ಸಾಲಿಗೆ ನಿಲ್ಲಿಸಿದ್ದಳು. ಮುಂದಿನ ವರ್ಷ ದಿನಾ ಹತ್ತು ನಿಮಿಷ ಟೈಪಿಂಗ್ ಆಡಿಸಿದೆವು.

ಇನ್ನು ಆ ನಂಬರು. 2000ದಿಂದ ಶುರುವಾಗಿ ಮೇಲಕ್ಕೆ ಹೋಗುವ ಒಂದೇ ಉದ್ದನೆಯ ಅಳತೆಗೋಲು ಅಂತ ಇಟ್ಟುಕೊಳ್ಳಿ. ಬಾಗಿಲ ಚೌಕಟ್ಟಿನ ಮೇಲೆ ವರ್ಷಕ್ಕೊಮ್ಮೆ ಮಕ್ಕಳ ಎತ್ತರಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇವಲ್ಲ, ಹಾಗೆ. ಮೂರನೇ ಕ್ಲಾಸಿನಿಂದ ಅದೇ ಗೋಲು, ಅದೇ ಅಳತೆ. ಹಾಗಾಗಿ ‘ಎಷ್ಟಕ್ಕೆ’ ಅನ್ನುವ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ. ಮಗು ಮುಂದಿನ ಕ್ಲಾಸಿಗೆ ಹೋದಾಗ ‘ಇಷ್ಟು ಬರಬೇಕು’ ಅನ್ನುವ ಗೆರೆಯೂ ಮೇಲಕ್ಕೆ ಹೋಗುತ್ತದೆ. ಇಂಗ್ಲಿಷ್‌ಗೆ ಆ ಗೆರೆ ಮುಟ್ಟಲು, ಅಂದರೆ ಮಗಳ ವರದಿಯಲ್ಲಿದ್ದ ‘ಮೆಟ್’ ಅನ್ನಿಸಿಕೊಳ್ಳಲು, ಮೂರನೇ ಕ್ಲಾಸಿನಲ್ಲಿ 2432 ಬೇಕು, ನಾಲ್ಕರಲ್ಲಿ 2473, ಐದರಲ್ಲಿ 2502. ಗಣಿತಕ್ಕೆ 2436, 2485, 2528. ಆರನೇ ಕ್ಲಾಸಿಗೆ ಇಂಗ್ಲಿಷ್ 2531, ಗಣಿತ 2552.

ಇನ್ನೊಂದು ವಿಷಯವೂ ಗೊತ್ತಿರಬೇಕು. ಯಾವ ಅಳತೆಯಲ್ಲೂ ಸ್ವಲ್ಪ ಆಚೆ ಈಚೆ ಇರುತ್ತದೆ. ಅದೇ ಮಗು ಅದೇ ವಾರ ಮತ್ತೊಮ್ಮೆ ಕೂತರೂ ಅಂಕ ಇಪ್ಪತ್ತು ಇಪ್ಪತ್ತೈದು ಮೇಲೆ ಕೆಳಗೆ ಆಗಬಹುದು. ನಾಲ್ಕನೇ ಕ್ಲಾಸಿನಲ್ಲಿ ಮಗಳಿಗೆ ಇಂಗ್ಲಿಷ್‌ನಲ್ಲಿ 2470 ಬಂತು. ಮೂರು ಅಂಕ ಕಡಿಮೆ, ಮತ್ತೆ ‘ನಿಯರ್ಲಿ ಮೆಟ್’. ನಾವಿಬ್ಬರೂ ಆ ಮೂರು ಅಂಕಕ್ಕಾಗಿ ಒಂದು ವಾರ ಮುಖ ಸಣ್ಣಗೆ ಮಾಡಿಕೊಂಡಿದ್ದೆವು. ಅವಳು ಅದನ್ನು ನೋಡುತ್ತಿದ್ದಳು. ಆ ಮೂರು ಅಂಕಕ್ಕೆ ನಿಜವಾಗಿ ಯಾವ ಅರ್ಥವೂ ಇರಲಿಲ್ಲ. ಅದೇ ವರದಿಯಲ್ಲಿ ಗಣಿತಕ್ಕೆ 2509 ಬಂದಿತ್ತು. ‘ಮೆಟ್’ ಅಂತ ಇತ್ತು, ಹೋದ ವರ್ಷಕ್ಕಿಂತ 31 ಜಾಸ್ತಿ. ನೋಡಿ ಖುಷಿಯಾಗಿ ಮುಚ್ಚಿಟ್ಟೆವು. ನಮ್ಮ ಮಕ್ಕಳಿಗೆ ಗಣಿತ ತಾನಾಗಿ ಬರುತ್ತದೆ, ಇಂಗ್ಲಿಷ್ ಒಂದು ನೋಡಿಕೊಂಡರೆ ಸಾಕು ಅಂತ ನಮ್ಮವರಲ್ಲಿ ಒಂದು ನಂಬಿಕೆ ಇದೆ ಅಲ್ವಾ? ನನಗೂ ಅದೇ ಇತ್ತು.

ಆ ವರ್ಷ ಊರಲ್ಲೂ ಪರೀಕ್ಷೆಯದೇ ಮಾತು. 2024ರ ಮಾರ್ಚ್‌ನಲ್ಲಿ ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ 5, 8 ಮತ್ತು 9ನೇ ತರಗತಿಗೆ ಬೋರ್ಡ್ ಪರೀಕ್ಷೆ ನಡೆದು, ವಿಷಯ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ತಂಗಿಯ ಮಗ ಎಂಟನೇ ಕ್ಲಾಸು. "ಬರೆದದ್ದು ಏನಾಯ್ತು ಅಂತ ಮಗುವಿಗೆ ಏನು ಹೇಳಲಿ ಅಕ್ಕಾ?" ಅಂತ ಅವಳು ಫೋನಿನಲ್ಲಿ ಕೇಳಿದಾಗ, ಕೈಯಲ್ಲಿ ವರದಿ ಇದ್ದೂ ಅದನ್ನು ಮಗಳಿಗೆ ಬಿಡಿಸಿ ಹೇಳಲು ಬಾರದ ನನ್ನ ಸ್ಥಿತಿ ನೆನಪಾಯಿತು.

2025ರ ಆಗಸ್ಟ್‌ನಲ್ಲಿ ಐದನೇ ಕ್ಲಾಸಿನ ವರದಿ ಬಂತು. ಇಂಗ್ಲಿಷ್ 2511, ಗಣಿತ 2533. ಎರಡೂ ಗೆರೆ ದಾಟಿವೆ. ಸಿಹಿ ಮಾಡೋಣ ಅಂತ ಯಜಮಾನರು ಅಂದರು. ಅವತ್ತು ರಾತ್ರಿ ನಾನು ಮೂರೂ ವರದಿ ಪಕ್ಕ ಪಕ್ಕ ಇಟ್ಟುಕೊಂಡು, ಮನೆ ಖರ್ಚಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಕಳೆಯುವ ಲೆಕ್ಕ ಮಾಡಿದೆ. ಮಗಳ ಅಂಕದಿಂದ ಆಯಾ ವರ್ಷದ ಗೆರೆಯನ್ನು ಕಳೆದೆ. ಇಂಗ್ಲಿಷ್: 14 ಕಡಿಮೆ, 3 ಕಡಿಮೆ, 9 ಜಾಸ್ತಿ. ಗಣಿತ: 42 ಜಾಸ್ತಿ, 24 ಜಾಸ್ತಿ, 5 ಜಾಸ್ತಿ.

ಎರಡು ಸಲ ಕಳೆದು ನೋಡಿದೆ. ಅದೇ ಬಂತು. ಯಾವುದಕ್ಕೆ ನಾವು ಎರಡು ವರ್ಷ ಕೊರಗಿದೆವೋ ಆ ಇಂಗ್ಲಿಷ್ ಮೆಲ್ಲಗೆ ಮೇಲೆ ಬರುತ್ತಿತ್ತು. ಯಾವುದನ್ನು ತಿರುಗಿಯೂ ನೋಡಲಿಲ್ಲವೋ ಆ ಗಣಿತದಲ್ಲಿ ಅಂಕ ಏರುತ್ತಿದ್ದರೂ ಗೆರೆ ಅವಳಿಗಿಂತ ಜೋರಾಗಿ ಏರುತ್ತಿತ್ತು. ಮೊದಲ ಎರಡು ವರ್ಷವೂ ‘ಮೆಟ್’ ಅನ್ನುವ ಅದೇ ಪದ ಬಂದಿದ್ದರಿಂದ ನಮಗೆ ಕಾಣಲಿಲ್ಲ. ಒಂದೇ ವರ್ಷ ಹೀಗಾಗಿದ್ದರೆ ಅಳತೆಯ ಆಚೆ ಈಚೆ ಅಂತ ಬಿಡಬಹುದಿತ್ತು. ಎರಡು ವರ್ಷ ಒಂದೇ ದಿಕ್ಕಿಗೆ ಇಳಿದಾಗ ಬಿಡಲು ಆಗುವುದಿಲ್ಲ.

ವರದಿಯಲ್ಲಿ ದೊಡ್ಡ ನಂಬರಿನ ಕೆಳಗೆ ಭಾಗ ಭಾಗ ಮಾಡಿಯೂ ತೋರಿಸಿರುತ್ತಾರೆ. ಗಣಿತದಲ್ಲಿ ಲೆಕ್ಕ ಮಾಡುವುದು ಬೇರೆ, ಸಮಸ್ಯೆ ಬಿಡಿಸಿ ಯಾಕೆ ಹಾಗೆ ಅಂತ ವಿವರಿಸುವುದು ಬೇರೆ. ಪ್ರತಿಯೊಂದಕ್ಕೂ ಗೆರೆಗಿಂತ ಮೇಲೆ, ಹತ್ತಿರ, ಕೆಳಗೆ ಅಂತ ಇರುತ್ತದೆ. ಇದನ್ನು ಹಿಡಿದುಕೊಂಡು ಆರನೇ ಕ್ಲಾಸಿನ ಗಣಿತದ ಟೀಚರ್ ಹತ್ತಿರ ಹೋದೆ. ಅಂಕ ಜಾಸ್ತಿ ಮಾಡಿಸಿ ಅಂತ ಕೇಳಲು ಹೋಗಿರಲಿಲ್ಲ. "ನನಗೆ ಕಾಣುತ್ತಿರುವುದು ಇದು. ನಿಮಗೆ ಕ್ಲಾಸಿನಲ್ಲಿ ಏನು ಕಾಣುತ್ತಿದೆ?" ಅಂತ ಕೇಳಿದೆ. ಪರೀಕ್ಷೆಯ ಪ್ರಶ್ನೆಗಳನ್ನು ಟೀಚರೂ ನೋಡುವಂತಿಲ್ಲ, ಹಾಗಾಗಿ ಅವರಿಗೆ ಗೊತ್ತಿರುವುದು ಕ್ಲಾಸಿನ ಕೆಲಸ ಮಾತ್ರ. ಅವರು ಮಗಳ ನೋಟ್‌ಬುಕ್ ತೆಗೆದು ಒಂದು ಪುಟ ತೋರಿಸಿದರು. ನಾಲ್ಕನೇ ಮೂರು ದೊಡ್ಡದೋ, ಎಂಟನೇ ಐದು ದೊಡ್ಡದೋ? ಮಗಳು ಅಡ್ಡ ಗುಣಾಕಾರ ಮಾಡಿ 24, 20 ಅಂತ ಬರೆದು ಸರಿಯಾದ ಉತ್ತರ ಕೊಟ್ಟಿದ್ದಳು. ಕೆಳಗೆ ‘ಯಾಕೆ ಅಂತ ವಿವರಿಸು’ ಅಂತ ಇದ್ದ ಜಾಗ ಖಾಲಿ. ಭಿನ್ನರಾಶಿ ಅಂದರೆ ಅವಳಿಗೆ ಮೇಲೆ ಒಂದು ಕೆಳಗೆ ಒಂದು ಅಂಕಿ, ಅಷ್ಟೇ. ಅದು ಒಂದು ಅಳತೆ ಅಂತ ಮನಸ್ಸಿನಲ್ಲಿ ಕೂತಿರಲಿಲ್ಲ.

ಇಲ್ಲಿಯ ಪಠ್ಯದಲ್ಲಿ ಮೂರರಿಂದ ಐದನೇ ಕ್ಲಾಸಿನವರೆಗೆ ಭಿನ್ನರಾಶಿಯದೇ ದೊಡ್ಡ ಪಾಲು. ಆರರಲ್ಲಿ ಅದರ ಮೇಲೆಯೇ ಅನುಪಾತ ಬರುತ್ತದೆ. ಮನೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿಸಿ ಗಣಿತ ಆಯಿತು ಅಂತ ನಾನು ಸುಮ್ಮನಿದ್ದ ಮೂರು ವರ್ಷಗಳಲ್ಲೇ ಈ ಬಿರುಕು ಅಗಲವಾಗಿತ್ತು.

ಅಪ್ಪನಿಗೆ ಹೇಳಿದೆ. ಅವರು ಮೂವತ್ತು ವರ್ಷ ತಿಪಟೂರಿನಲ್ಲಿ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವರು. "ನಾಳೆಯಿಂದ ಮಗೂನ ನನ್ನ ಜೊತೆ ಕೂರಿಸು" ಅಂದರು. ನಮ್ಮ ರಾತ್ರಿ, ಅವರ ಬೆಳಿಗ್ಗೆ. ವಿಡಿಯೋ ಕಾಲ್‌ನಲ್ಲಿ ಒಂದು ದೋಸೆ ಇಟ್ಟುಕೊಂಡು ಶುರು ಮಾಡಿದರು. ಇದು ಒಂದು. ಅರ್ಧ ಮಾಡು, ಅರೆ. ಅದರಲ್ಲಿ ಅರ್ಧ, ಕಾಲು. ಕಾಲಿನಲ್ಲಿ ಅರ್ಧ, ಅರೆಕಾಲು. ಅರೆಕಾಲಿನಲ್ಲಿ ಅರ್ಧ, ವೀಸ. ನಮ್ಮ ಹಳೆಯ ಲೆಕ್ಕದ ಈ ಮಾತುಗಳಲ್ಲಿ ಕೊನೆಯ ಎರಡು ನನಗೂ ಮರೆತೇ ಹೋಗಿದ್ದವು. ಆಮೇಲೆ ಅದೇ ನೋಟ್‌ಬುಕ್ಕಿನ ಲೆಕ್ಕಕ್ಕೆ ಬಂದರು.

"ಮುಕ್ಕಾಲಿನಲ್ಲಿ ಎಷ್ಟು ಅರೆಕಾಲು ಇದೆ ಹೇಳು ಕಂದಾ?"

ಅವಳು ದೋಸೆಯ ಚೂರು ಎಣಿಸಿದಳು. "ಆರು ತಾತ."

"ನಿನ್ನ ಇನ್ನೊಂದರಲ್ಲಿ?"

"ಐದು. ಓ! ಐದಕ್ಕಿಂತ ಆರು ಜಾಸ್ತಿ. ಅಷ್ಟೇನಾ?"

ಕಾಲನ್ನು ಅರೆಯಿಂದ ಗುಣಿಸಿದರೆ ಉತ್ತರ ಯಾಕೆ ಚಿಕ್ಕದಾಗುತ್ತದೆ ಅಂತ ಐದನೇ ಕ್ಲಾಸಿನಿಂದ ಅವಳಿಗೆ ಗೊಂದಲ ಇತ್ತು. ಗುಣಿಸಿದರೆ ದೊಡ್ಡದಾಗಬೇಕಲ್ವಾ ಅಂತ. ಕಾಲಿನ ಅರ್ಧ ಅರೆಕಾಲು ಅನ್ನುವುದು ಆ ಪದದಲ್ಲೇ ಇತ್ತು. ಕನ್ನಡ ಅಂತ ಫಾರ್ಮಿನಲ್ಲಿ ಬರೆದ ದಿನ ಅದು ಮುಂದೆ ಗಣಿತಕ್ಕೆ ನೆರವಾಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ವಾರಕ್ಕೆ ಮೂರು ದಿನ ಈ ಪಾಠ ಇನ್ನೂ ನಡೆಯುತ್ತಿದೆ. ನಿಯಮ ಒಂದೇ: ಉತ್ತರ ಹೇಳಿದ ಮೇಲೆ ತಾತನಿಗೆ ಯಾಕೆ ಅಂತ ಹೇಳಬೇಕು.

ಇಂಗ್ಲಿಷ್ ಹೇಗೆ ಮೇಲೆ ಬಂತು ಅಂತ ಕೆಲವರು ಕೇಳುತ್ತಾರೆ. ವಿಶೇಷ ಏನೂ ಮಾಡಲಿಲ್ಲ. ಅವಳು ಬರೀ ಕಥೆ ಓದುತ್ತಿದ್ದಳು. ಪರೀಕ್ಷೆಯಲ್ಲಿ ಮಾಹಿತಿಯ ಲೇಖನಗಳೂ ಬಹಳ ಇರುತ್ತವೆ. ಅದಕ್ಕೇ ಲೈಬ್ರರಿಯಿಂದ ಜ್ವಾಲಾಮುಖಿ, ಜೇನುಹುಳ, ಸೇತುವೆ ಇಂಥ ಪುಸ್ತಕ ತರಲು ಶುರು ಮಾಡಿದೆವು. ಓದಿ ಮುಗಿಸಿದ ಮೇಲೆ ಕನ್ನಡದಲ್ಲೇ ಕೇಳುತ್ತಿದ್ದೆ, "ಹಾಗಂತ ಎಲ್ಲಿ ಹೇಳಿದ್ದಾರೆ, ತೋರಿಸು." ಬೆರಳಿಟ್ಟು ಸಾಲು ತೋರಿಸುವ ಅಭ್ಯಾಸ ಆಯಿತು.

ಬೇರೆ ರಾಜ್ಯದವರಿಗೆ ಒಂದು ಮಾತು. ನನ್ನ ಲೆಕ್ಕದ ಈ ಗೆರೆಗಳು ನಿಮಗೆ ಸರಿಹೊಂದುವುದಿಲ್ಲ. ನಮ್ಮ ಭಾವನವರು ಟೆಕ್ಸಸ್‌ನಲ್ಲಿದ್ದಾರೆ. ಅಲ್ಲಿ ಪರೀಕ್ಷೆ ‘ಸ್ಟಾರ್’, 2012ರಿಂದ ಇದೆ. ಅದರಲ್ಲಿ ‘ಅಪ್ರೋಚಸ್’ ಅಂತ ಬಂದರೆ ಪಾಸು ಅಂತ ಲೆಕ್ಕ. ಆದರೆ ಕ್ಲಾಸಿನ ಮಟ್ಟ ಮುಟ್ಟಿದ್ದು ಅಂತ ಅನ್ನುವುದು ಅದರ ಮೇಲಿನ ‘ಮೀಟ್ಸ್’ ಬಂದಾಗ. ಅವರೂ ಪಾಸು ಅಂತ ನೋಡಿ ನೆಮ್ಮದಿಯಾಗಿದ್ದರು. 2025ರಲ್ಲಿ ಆದ ಕಾನೂನಿನಂತೆ ಅಲ್ಲಿ 2027-28ರಿಂದ ಇದರ ಬದಲು ವರ್ಷಕ್ಕೆ ಮೂರು ಚಿಕ್ಕ ಪರೀಕ್ಷೆ ಬರಲಿವೆ. ನಿಮ್ಮ ರಾಜ್ಯದ ಗೆರೆ ಯಾವುದು ಅಂತ ಹುಡುಕಿಕೊಂಡು ಅದೇ ಕಳೆಯುವ ಲೆಕ್ಕ ಮಾಡಿ.

ಕ್ಯಾಲಿಫೋರ್ನಿಯಾದಲ್ಲಿ ತಂದೆ ತಾಯಿ ಬರೆದುಕೊಟ್ಟರೆ ಮಗುವಿಗೆ ಕ್ಯಾಸ್ಪ್‌ನಿಂದ ಬಿಡುಗಡೆ ಸಿಗುತ್ತದೆ. ಗೆಳತಿಯೊಬ್ಬಳು ತುಂಬಾ ಭಯಪಡುವ ತನ್ನ ಮಗನಿಗಾಗಿ ಹಾಗೆ ಮಾಡಿದಳು, ಅವಳ ನಿರ್ಧಾರ ಸರಿಯೇ ಇತ್ತು. ನಾನು ಮಾಡುವುದಿಲ್ಲ, ಆ ಕಳೆಯುವ ಲೆಕ್ಕ ನನಗೆ ಬೇಕು. ಆದರೆ ವಾಟ್ಸಾಪ್ ಗುಂಪಿನಲ್ಲಿ ಅಂಕ ಹಾಕುವುದನ್ನು ಮಾತ್ರ ದಯವಿಟ್ಟು ನಿಲ್ಲಿಸೋಣ. 2024ರಲ್ಲಿ ಇಡೀ ರಾಜ್ಯದಲ್ಲಿ ಗಣಿತದ ಗೆರೆ ಮುಟ್ಟಿದ ಮಕ್ಕಳು ನೂರಕ್ಕೆ 35.5, ಇಂಗ್ಲಿಷ್‌ನಲ್ಲಿ 47. ನಮ್ಮ ಗುಂಪಿನಲ್ಲಿ ಬರುವ ನಂಬರುಗಳನ್ನು ನೋಡಿದರೆ ಗೆರೆಯ ಹತ್ತಿರ ಇರುವ ಮಗು ತನ್ನೊಬ್ಬಳದೇ ಸೋಲು ಅಂದುಕೊಳ್ಳುತ್ತದೆ. ನನ್ನ ಮಗಳು ಅಂದುಕೊಂಡಿದ್ದಳು.

ಈ ವರ್ಷ ಮಗ ಮೂರನೇ ಕ್ಲಾಸು, ಅವನಿಗೆ ಮೊದಲ ಸಲ. ಹೋದ ಭಾನುವಾರ ಕನ್ನಡ ಶಾಲೆಯಿಂದ ಬಂದ ಮೇಲೆ ಅಕ್ಕನೇ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಪ್ರಾಕ್ಟೀಸ್ ಟೆಸ್ಟ್ ತೆರೆದು, ಹೆಡ್‌ಫೋನ್ ಹಾಕಿಸಿ, ಒಂದೊಂದೇ ಬಟನ್ ತೋರಿಸುತ್ತಿದ್ದಳು. ನಾನು ಅಡುಗೆಮನೆಯಲ್ಲಿದ್ದೆ. "ಲಾಸ್ಟ್‌ನಲ್ಲಿ ತುಂಬಾ ಕಷ್ಟದ್ದು ಬಂದರೆ ಅಳಬೇಡ. ನೀನು ಚೆನ್ನಾಗಿ ಮಾಡ್ತಿದ್ದೀಯಾ ಅಂತ ಕಂಪ್ಯೂಟರ್‌ಗೆ ಗೊತ್ತಾಗಿದೆ ಅಷ್ಟೇ" ಅಂತ ಅವನಿಗೆ ಹೇಳುವುದು ಕೇಳಿಸಿತು.